ಮನೆಯ ದುಡ್ಡು, ಗಾಡಿಯ ದುಡ್ಡು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಂಗಾರಪೇಟೆ, ಕೆಜಿಎಫ್ ಕಡೆಯವು. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿತು. ಆಮೇಲೆ ಆ ಭಾಗದಲ್ಲಿ ಒಂದೇ ಸಂಬಳದಲ್ಲಿ ನಡೆಯುವ ಮನೆಗಳು ಕಡಿಮೆಯಾದವು. ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರು ಸಂಜೆ ಮನೆಗೆ ಬಂದು ಇನ್ನೊಂದು ಕೆಲಸಕ್ಕೆ ಕೂರುತ್ತಾರೆ. ಮನೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿರುತ್ತದೆ, ಹಿತ್ತಲಲ್ಲಿ ಹಸು ಇರುತ್ತದೆ. ದುಡಿಮೆ ಮೂರು ಕಡೆಯಿಂದ ಬಂದರೂ ದುಡ್ಡು ಸೇರುವುದು ಒಂದೇ ಖಾತೆಗೆ. ಪತ್ರ ಬರೆದವರೆಲ್ಲರ ಕಷ್ಟ ಅಲ್ಲಿಂದಲೇ ಶುರುವಾಗಿದೆ.

ಪ್ರಶ್ನೆ: ಬಂಗಾರಪೇಟೆಯಲ್ಲಿ ಪಾನಿಪುರಿ ಗಾಡಿ ಇಟ್ಟಿದ್ದೇನೆ. ನನ್ನ ಹತ್ತಿರ ಇದ್ದದ್ದು ಬಟನ್ ಫೋನು. ಹಾಗಾಗಿ ಮಗ ತನ್ನ ಸಂಬಳದ ಖಾತೆಗೇ ಸ್ಕ್ಯಾನರ್ ಮಾಡಿಸಿ ಗಾಡಿಗೆ ಅಂಟಿಸಿಕೊಟ್ಟ. ಸಣ್ಣ ವ್ಯಾಪಾರಿಗಳಿಗೆಲ್ಲ ಜಿಎಸ್‌ಟಿ ನೋಟಿಸ್ ಬಂತು ಎಂದು ಟಿವಿಯಲ್ಲಿ ನೋಡಿ ಹೆದರಿ ಅದನ್ನು ಕಿತ್ತುಹಾಕಿದೆ. ಈಗ ಗಿರಾಕಿಗಳು ಚಿಲ್ಲರೆ ಇಲ್ಲ ಎಂದು ಪಕ್ಕದ ಗಾಡಿಗೆ ಹೋಗುತ್ತಿದ್ದಾರೆ. ಮಗನಿಗೆ ಏನಾದರೂ ತೊಂದರೆ ಆದೀತೇ?

ಉತ್ತರ: ನಿಮ್ಮ ಭಯ ಕಾರಣವಿಲ್ಲದ್ದಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಈಚಿನ ಯುಪಿಐ ಜಮಾ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟಿಸ್. ಬೆಂಗಳೂರಿನ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ನೇತಾಡಿದವು. ಅದನ್ನೆಲ್ಲ ನೋಡಿದ ಯಾರಿಗಾದರೂ ಎದೆ ಝಲ್ ಎನ್ನುತ್ತದೆ.

ಆದರೆ ಮುಂದೆ ಏನಾಯಿತು ಎನ್ನುವುದನ್ನೂ ತಿಳಿದುಕೊಳ್ಳಿ. ನೋಟಿಸ್ ಬಂದ ಮಾತ್ರಕ್ಕೆ ತೆರಿಗೆ ಬಿದ್ದಂತಲ್ಲ, ವಿವರ ಕೇಳಿದ್ದು ಅಷ್ಟೇ ಎಂದು ಇಲಾಖೆ ಹೇಳಿತು. ಹಾಲು, ತರಕಾರಿ, ಹಣ್ಣು, ಮಾಂಸದಂಥ ತೆರಿಗೆಯಿಲ್ಲದ ಪದಾರ್ಥ ಮಾರುವವರ ಮೇಲಿನ ನೋಟಿಸ್‌ಗಳನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅದೇ ತಿಂಗಳು ಭರವಸೆ ಕೊಟ್ಟರು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಖಾತೆಗೆ ಬಂದ ದುಡ್ಡಿನಲ್ಲಿ ಅಣ್ಣ ಕಳಿಸಿದ್ದೆಷ್ಟು, ಕೈಸಾಲ ಎಷ್ಟು, ಚೀಟಿಯದೆಷ್ಟು, ವ್ಯಾಪಾರದ್ದೆಷ್ಟು ಎಂದು ಬಿಡಿಸಿ ತೋರಿಸಲು ಎಷ್ಟೋ ಜನರ ಹತ್ತಿರ ಒಂದು ಹಾಳೆಯೂ ಇರಲಿಲ್ಲ. ಬ್ಯಾಂಕಿನ ಕಂಪ್ಯೂಟರಿಗೆ ಅಣ್ಣ-ತಮ್ಮ ಗೊತ್ತಾಗುವುದಿಲ್ಲ. ಅದಕ್ಕೆ ಎಲ್ಲವೂ ಜಮಾ.

ಈಗ ನಿಮ್ಮ ಲೆಕ್ಕ ನೋಡೋಣ. ದಿನಕ್ಕೆ ಸುಮಾರು 3,500 ರೂಪಾಯಿ ವ್ಯಾಪಾರ, ವರ್ಷದಲ್ಲಿ 320 ದಿನ ಗಾಡಿ ಎಂದು ಬರೆದಿದ್ದೀರಿ. ಒಟ್ಟು 11,20,000 ಆಯಿತು. ತಿಂಡಿ ಮಾಡಿ ಬಡಿಸುವುದು ಜಿಎಸ್‌ಟಿಯಲ್ಲಿ ಸೇವೆಯ ಸಾಲಿಗೆ ಬರುತ್ತದೆ, ಸೇವೆಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಬರೀ ಸಾಮಾನು ಮಾರುವವರಿಗೆ 40 ಲಕ್ಷ. ನೀವು ಮಿತಿಯಿಂದ ಬಹಳ ಕೆಳಗಿದ್ದೀರಿ. ಎಲ್ಲ ದಿನದ ಸರಾಸರಿ 6,250 ದಾಟಲು ಶುರುವಾದಾಗ ಯೋಚನೆ ಮಾಡಿದರೆ ಸಾಕು. ಆಗಲೂ ರಾಜಿ ತೆರಿಗೆ ಪದ್ಧತಿ (ಬಿಲ್ಲುಬಿಲ್ಲಿಗೂ ಲೆಕ್ಕ ಕೊಡದೆ ಒಟ್ಟು ವ್ಯಾಪಾರದ ಮೇಲೆ ಇಷ್ಟು ಎಂದು ಕಟ್ಟುವುದು) ಇದೆ. ತಿಂಡಿ ವ್ಯಾಪಾರಕ್ಕೆ ಅದು ನೂರಕ್ಕೆ 5.

ನಿಜವಾದ ತೊಡಕು ಇರುವುದು ಮಗನ ಖಾತೆಯಲ್ಲಿ. ಬ್ಯಾಂಕ್ ಖಾತೆ ಯಾರ ಪ್ಯಾನ್‌ಗೆ (ಆದಾಯ ತೆರಿಗೆ ಇಲಾಖೆ ಕೊಡುವ ಗುರುತಿನ ಸಂಖ್ಯೆ) ಸೇರಿದೆಯೋ ಅವರದೇ ದುಡ್ಡು ಎಂದು ಇಲಾಖೆ ಎಣಿಸುತ್ತದೆ. ಬಿಸಿಲಲ್ಲಿ ನಿಂತು ಪೂರಿ ಒಡೆದವರು ನೀವು. ಕಾಗದದ ಮೇಲೆ ಗಾಡಿಯ ಯಜಮಾನ ಮಾತ್ರ ಬೆಂಗಳೂರಿನ ಕಂಪನಿಯಲ್ಲಿ ಕೂತಿರುವ ನಿಮ್ಮ ಮಗ! ಇದನ್ನು ಇಂದೇ ಸರಿಪಡಿಸಬಹುದು, ಗಾಬರಿ ಬೇಡ.

ಮೊದಲು ನಿಮ್ಮ ಹೆಸರಿನಲ್ಲಿ ಗಾಡಿಗೆಂದೇ ಒಂದು ಖಾತೆ ತೆರೆಯಿರಿ. ವ್ಯಾಪಾರಕ್ಕೆ ಚಾಲ್ತಿ ಖಾತೆ (ಬಡ್ಡಿ ಬರುವುದಿಲ್ಲ, ಎಷ್ಟು ಸಲ ಬೇಕಾದರೂ ಹಾಕಿ ತೆಗೆಯಬಹುದು) ಸರಿಯಾದದ್ದು. ಕನಿಷ್ಠ ಮೊತ್ತ ಕಡಿಮೆ ಇರುವುದು ಯಾವುದು ಎಂದು ಎರಡು-ಮೂರು ಬ್ಯಾಂಕುಗಳಲ್ಲಿ ಕೇಳಿ. ಹೊಸ ಸ್ಕ್ಯಾನರ್ ಅದಕ್ಕೆ ಮಾಡಿಸಿ, ಹಳೆಯದನ್ನು ಹರಿದುಹಾಕಿ. ಬೀದಿ ವ್ಯಾಪಾರಿಗಳಿಗೆ ಕೊಡುವ ಪಿಎಂ ಸ್ವನಿಧಿ ಸಾಲ ಮುಂದೆ ಬೇಕೆನಿಸಿದರೂ ನಿಮ್ಮ ಹೆಸರಿನ ಖಾತೆಯ ವಹಿವಾಟು ಕೈ ಹಿಡಿಯುತ್ತದೆ.

ಹಿಂದಿನ ವರ್ಷಗಳದ್ದಕ್ಕೆ ಮಗ ಕೂತು ತನ್ನ ಖಾತೆಯ ಸ್ಟೇಟ್‌ಮೆಂಟ್ ಮುದ್ರಿಸಿಕೊಳ್ಳಲಿ. ಸಂಬಳದ ಸಾಲುಗಳಿಗೆ ಒಂದು ಬಣ್ಣ, ಗಾಡಿಯ ಸಾಲುಗಳಿಗೆ ಇನ್ನೊಂದು ಬಣ್ಣ ಬಳಿಯಲಿ. ಪಾನಿಪುರಿ ದುಡ್ಡನ್ನು ಗುರುತಿಸುವುದು ಕಷ್ಟವಲ್ಲ. ಸಂಜೆ ಐದರಿಂದ ಒಂಬತ್ತರೊಳಗೆ ಮೂವತ್ತು, ನಲವತ್ತು, ಅರವತ್ತು ರೂಪಾಯಿಗಳಂತೆ ಸಾಲಾಗಿ ಬಿದ್ದಿರುತ್ತದೆ. ಅದರಲ್ಲಿ ಅವನು ನಿಮಗೆ ಎಷ್ಟು ಕೊಟ್ಟ, ನೀವು ರವೆ, ಆಲೂಗಡ್ಡೆ, ಬಟಾಣಿ ತಂದ ಅಂಗಡಿಗೆ ಎಷ್ಟು ಹೋಯಿತು ಎಂದು ಪಕ್ಕದಲ್ಲಿ ಬರೆಯಲಿ. ಆ ಹಾಳೆಗಳನ್ನು ನಿಮ್ಮೂರಿನ ಲೆಕ್ಕ ಪರಿಶೋಧಕರಿಗೆ ಒಮ್ಮೆ ತೋರಿಸಿ. ನೋಟಿಸ್ ಬರುವ ಮೊದಲೇ ತಯಾರಿರುವ ಕಾಗದಕ್ಕೆ, ಬಂದ ಮೇಲೆ ಹೊಂದಿಸಿದ ಕಾಗದಕ್ಕಿಂತ ತೂಕ ಹೆಚ್ಚು.

ಸ್ಕ್ಯಾನರ್ ಕಿತ್ತುಹಾಕಿದ್ದರಿಂದ ಆದ ನಷ್ಟ ಇನ್ನೊಂದಿದೆ, ಅದು ನಿಮಗೆ ಗೊತ್ತಿರಲಾರದು. ಸಣ್ಣ ವ್ಯಾಪಾರಿಗೆ ಆದಾಯ ತೆರಿಗೆಯಲ್ಲಿ ಅಂದಾಜು ಆದಾಯ ಪದ್ಧತಿ (ಖರ್ಚಿನ ಪ್ರತಿ ಬಿಲ್ಲು ತೋರಿಸದೆ ವ್ಯಾಪಾರದ ಒಂದು ಪಾಲನ್ನು ಲಾಭ ಎಂದು ಒಪ್ಪಿಕೊಳ್ಳುವುದು) ಇದೆ. ಅದರಲ್ಲಿ ನಗದಾಗಿ ಬಂದ ನೂರಕ್ಕೆ ಕನಿಷ್ಠ 8 ರೂಪಾಯಿ ಲಾಭ ತೋರಿಸಬೇಕು, ಬ್ಯಾಂಕ್ ಮೂಲಕ ಬಂದದ್ದಕ್ಕೆ 6 ಸಾಕು. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸಿ. ಯುಪಿಐ ನಿಮಗೆ ಶತ್ರುವಲ್ಲ, ಹೊಸ ಸ್ಕ್ಯಾನರನ್ನು ಧೈರ್ಯವಾಗಿ ಅಂಟಿಸಿ.

ಪ್ರಶ್ನೆ: ದಿನಾ ಬಂಗಾರಪೇಟೆಯಿಂದ ರೈಲಿನಲ್ಲಿ ಬೆಂಗಳೂರಿನ ಕಾರ್ಖಾನೆಗೆ ಹೋಗಿಬರುತ್ತೇನೆ. ಸಂಬಳ 38,000. ಭಾನುವಾರ ಮತ್ತು ರಜಾದಿನ ಊರಿನಲ್ಲಿ ಮನೆಗಳ ವೈರಿಂಗ್ ಮಾಡುತ್ತೇನೆ, ಕೂಲಿ ತಿಂಗಳಿಗೆ ಸುಮಾರು 15,000 ಸಿಗುತ್ತದೆ. ಆದರೆ ವೈರು, ಸ್ವಿಚ್ಚಿನ ದುಡ್ಡನ್ನೂ ಮನೆಯವರು ನನ್ನ ಖಾತೆಗೇ ಹಾಕುತ್ತಾರೆ. ಹೋದ ವರ್ಷ ಸಂಬಳ ಬಿಟ್ಟು ಆರೇಳು ಲಕ್ಷ ಬಂದ ಹಾಗೆ ಕಾಣುತ್ತಿದೆ. ಇಷ್ಟಕ್ಕೂ ತೆರಿಗೆ ಕಟ್ಟಬೇಕೇ? ಕಂಪನಿಗೆ ಗೊತ್ತಾದರೆ ಕೆಲಸ ಹೋಗುತ್ತದೆಯೇ?

ಉತ್ತರ: ತೆರಿಗೆಯ ವಿಷಯದಲ್ಲಿ ನೀವು ನಿಶ್ಚಿಂತೆಯಿಂದಿರಿ. ಸಂಬಳ ವರ್ಷಕ್ಕೆ 4,56,000. ಅದರಲ್ಲಿ 75,000 ನೇರ ಕಡಿತ. ಕೂಲಿ 1,80,000. ಎಲ್ಲ ಸೇರಿಸಿದರೂ 5,61,000. 2025ರ ಏಪ್ರಿಲ್ ನಂತರದ ಗಳಿಕೆಗೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಕೈಯಿಂದ ಕಟ್ಟಬೇಕಾದ ತೆರಿಗೆ ಇಲ್ಲ. ಆದರೆ 4 ಲಕ್ಷ ದಾಟಿರುವುದರಿಂದ ರಿಟರ್ನ್ (ಆದಾಯದ ವಿವರ ಪತ್ರ) ಸಲ್ಲಿಸಲೇಬೇಕು. ಇದುವರೆಗೆ ಸಂಬಳಕ್ಕೆಂದು ನೀವು ತುಂಬುತ್ತಿದ್ದ 'ಸಹಜ್' ನಮೂನೆಯಲ್ಲಿ ಕೂಲಿ ತೋರಿಸಲು ಜಾಗವಿಲ್ಲ. ಸಂಬಳದ ಜೊತೆ ಸಣ್ಣ ವ್ಯಾಪಾರವೂ ಇರುವವರಿಗೆ ಇರುವುದು 'ಸುಗಮ್'.

ನಿಮ್ಮನ್ನು ಕಾಡುತ್ತಿರುವ ಆರೇಳು ಲಕ್ಷದಲ್ಲಿ ಬಹುಪಾಲು ವೈರಿನ ದುಡ್ಡು. ಅದು ನಿಮ್ಮ ಖಾತೆಯಲ್ಲಿ ಅರ್ಧ ದಿನ ಇದ್ದು ರಾಬರ್ಟ್‌ಸನ್‌ಪೇಟೆಯ ಅಂಗಡಿಗೆ ಹೋಗಿದೆ. ಆದರೆ ಹಾಗೆ ಹೋಗಿದೆ ಎಂದು ಹೇಳುವ ಬಿಲ್ಲು ಯಾರ ಹೆಸರಿನಲ್ಲಿದೆ? ನಿಮ್ಮ ಹೆಸರಿನಲ್ಲಿದ್ದರೆ ನೀವೇ ವೈರು ಕೊಂಡು ಮಾರಿದ ಹಾಗೆ. ಮನೆಯ ಯಜಮಾನರ ಹೆಸರಿನಲ್ಲಿದ್ದರೆ ನೀವು ತಂದುಕೊಟ್ಟವರು ಅಷ್ಟೇ.

ಇನ್ನು ಮುಂದೆ ಒಂದು ಕ್ರಮ ಇಟ್ಟುಕೊಳ್ಳಿ. ಸಾಮಾನಿನ ಪಟ್ಟಿ ನೀವು ಬರೆದುಕೊಡಿ, ಯಜಮಾನರು ಅಂಗಡಿಗೆ ನೇರವಾಗಿ ದುಡ್ಡು ಹಾಕಲಿ, ಬಿಲ್ಲು ಅವರ ಹೆಸರಿಗಿರಲಿ. ನಿಮಗೆ ಬರುವುದು ಕೂಲಿ ಮಾತ್ರ. ಕೆಲವರು 'ನೀವೇ ತಂದುಬಿಡಿ ಸ್ವಾಮಿ' ಎನ್ನುತ್ತಾರೆ, ಊರಿನ ವಿಶ್ವಾಸ ಹಾಗೆ. ಆಗ ವೈರಿಂಗ್‌ಗೆಂದೇ ತೆರೆದ ಬೇರೆ ಖಾತೆಗೆ ಹಾಕಿಸಿಕೊಳ್ಳಿ. ಪುಸ್ತಕದಲ್ಲಿ ಪ್ರತಿ ಮನೆಗೂ ಒಂದು ಪುಟ ಕೊಡಿ: ಎಡಕ್ಕೆ ಅವರು ಕೊಟ್ಟದ್ದು, ಬಲಕ್ಕೆ ಸಾಮಾನಿಗೆ ಹೋದದ್ದು, ಕೆಳಗೆ ಉಳಿದ ಕೂಲಿ. ಬಿಲ್ಲನ್ನು ಅದೇ ಪುಟಕ್ಕೆ ಪಿನ್ ಮಾಡಿ. ಕೆಲಸ ಮುಗಿದ ದಿನ ಆ ಪುಟವನ್ನು ಯಜಮಾನರಿಗೆ ತೋರಿಸಿದರೆ ಅವರಿಗೂ ನೆಮ್ಮದಿ, ಇನ್ನೆರಡು ಮನೆಗೆ ನಿಮ್ಮ ಹೆಸರು ಹೇಳುತ್ತಾರೆ.

ಬಿಲ್ಡರ್ ಒಬ್ಬರು ಕೊಟ್ಟ ದುಡ್ಡಿನಲ್ಲಿ ನೂರಕ್ಕೆ 1 ರೂಪಾಯಿ ಹಿಡಿದುಕೊಂಡರು ಎಂದೂ ಬರೆದಿದ್ದೀರಿ. ಅದು ಮೂಲದಲ್ಲೇ ಕಡಿತವಾದ ತೆರಿಗೆ, ಅಂದರೆ ಟಿಡಿಎಸ್. ಎಲ್ಲಿಗೂ ಹೋಗಿಲ್ಲ, ಇಲಾಖೆಯ ಜಾಲತಾಣದಲ್ಲಿ ನಿಮ್ಮ ಪ್ಯಾನ್ ಹಾಕಿ ತೆರೆದರೆ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣುತ್ತದೆ. ಕೂಲಿಯನ್ನೂ ತೋರಿಸಿ ರಿಟರ್ನ್ ಸಲ್ಲಿಸಿದರೆ ವಾಪಸು ಬರುತ್ತದೆ. ಇಷ್ಟು ದಿನ ಕೂಲಿ ತೋರಿಸದೆ ಇದ್ದದ್ದರಿಂದ ನಿಮ್ಮದೇ ದುಡ್ಡನ್ನು ಬಿಟ್ಟುಕೊಟ್ಟ ಹಾಗಾಗಿದೆ.

ಕಂಪನಿಯ ವಿಷಯ. ನೀವು ಸಲ್ಲಿಸುವ ರಿಟರ್ನ್ ಕಂಪನಿಗೆ ಹೋಗುವುದಿಲ್ಲ. ಹಾಗೆಂದು ನೇಮಕಾತಿ ಪತ್ರವನ್ನು ಓದದೆ ಇರಬೇಡಿ, ಬೇರೆ ದುಡಿಮೆ ಕೂಡದು ಎಂಬ ಷರತ್ತು ಅದರಲ್ಲಿದ್ದರೆ ಮೇಲಿನವರನ್ನು ಕೇಳಿ ಒಪ್ಪಿಗೆ ಪಡೆಯುವುದೇ ಒಳ್ಳೆಯದು. ಈ ಪ್ರಶ್ನೆಯನ್ನು ಇಬ್ಬರು ಶಿಕ್ಷಕರೂ ಕೇಳಿದ್ದಾರೆ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳು ಬಿಗಿಯಾಗಿವೆ, ಅನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಮನೆಯವರು ವ್ಯಾಪಾರ ಮಾಡುತ್ತಿದ್ದರೆ ಇಲಾಖೆಗೆ ತಿಳಿಸಬೇಕು. ಪುಸ್ತಕ ಎಷ್ಟೇ ಚೊಕ್ಕಟವಾಗಿದ್ದರೂ ಈ ಅನುಮತಿಗೆ ಬದಲಿಯಾಗದು.

ಪ್ರಶ್ನೆ: ನಮ್ಮದು ಆಂಡರ್‌ಸನ್‌ಪೇಟೆ. ಮಾವ ಗಣಿಯಲ್ಲಿದ್ದವರು. ನಾನು ಬ್ಲೌಸ್ ಹೊಲಿಯುತ್ತೇನೆ, ಬೆಂಗಳೂರಿನ ಚಿಕ್ಕಪೇಟೆಯಿಂದ ಸೀರೆ ತಂದು ಕಂತಿನಲ್ಲಿ ಮಾರುತ್ತೇನೆ. ಸಂಘದ ಸಾಲ, ಚೀಟಿ ದುಡ್ಡು, ಗೃಹಲಕ್ಷ್ಮಿ ಎಲ್ಲವೂ ಒಂದೇ ಡಬ್ಬಿಯಲ್ಲಿ. ದಿನವಿಡೀ ಮೆಷಿನ್ ತುಳಿದರೂ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ. ಪುಸ್ತಕ ಬರೆದರೆ ಗೃಹಲಕ್ಷ್ಮಿ ನಿಂತುಹೋಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ನನಗೆ ಕನ್ನಡ ಬರೆಯಲು ಸರಿಯಾಗಿ ಬರುವುದಿಲ್ಲ, ಈ ಕಾಗದ ಮಗಳು ಬರೆದದ್ದು.

ಉತ್ತರ: ತಾಯಿ, ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ನಿಮ್ಮ ಪುಸ್ತಕವನ್ನು ನಿಮಗೆ ಬರುವ ಭಾಷೆಯಲ್ಲೇ, ತಮಿಳಾದರೆ ತಮಿಳಿನಲ್ಲೇ ಬರೆಯಿರಿ. ಅಥವಾ ಸೀರೆಗೆ ಒಂದು ಗುರುತು, ಬ್ಲೌಸಿಗೆ ಒಂದು ಗುರುತು ಹಾಕಿಕೊಳ್ಳಿ. ಅಂಕಿ ಸರಿಯಿದ್ದರೆ ಲೆಕ್ಕ ಸರಿಯಿರುತ್ತದೆ.

ಗೃಹಲಕ್ಷ್ಮಿಯ ಬಗ್ಗೆ ನಿಮಗೆ ದಿಗಿಲಾದದ್ದು ಸಹಜ, ತಿಂಗಳಿಗೆ 2,000 ಎಂದರೆ ಸಣ್ಣ ಮೊತ್ತವಲ್ಲ. ನಿಯಮ ಹೇಳುವುದು ಇಷ್ಟು: ಮನೆಯೊಡತಿ ಅಥವಾ ಅವರ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಯೋಜನೆ ಸಿಗದು. ಮನೆಯಲ್ಲಿ ನೋಟ್‌ಬುಕ್ ಬರೆಯುವುದು ಎರಡಕ್ಕೂ ಸೇರುವುದಿಲ್ಲ. ಆ ಪುಸ್ತಕ ನಿಮ್ಮದು, ಯಾರಿಗೂ ಒಪ್ಪಿಸಬೇಕಾಗಿಲ್ಲ. ಆದರೆ 'ಜಿಎಸ್‌ಟಿ ನಂಬರ್ ಮಾಡಿಸಿಕೊಡುತ್ತೇನೆ' ಎಂದು ಯಾರಾದರೂ ಬಂದರೆ ಅವಸರದಲ್ಲಿ ಸಹಿ ಹಾಕಬೇಡಿ. ನಿಮ್ಮ ವಹಿವಾಟಿಗೆ ಈಗ ಅದರ ಅಗತ್ಯವಿಲ್ಲ.

ಇನ್ನು ಡಬ್ಬಿ. ನಾಳೆ ಇನ್ನೊಂದು ಡಬ್ಬಿ ತನ್ನಿ. ಒಂದು ಮನೆಯದು, ಒಂದು ಮೆಷಿನಿನದು. ಗೃಹಲಕ್ಷ್ಮಿ, ಯಜಮಾನರ ಸಂಬಳ, ಚೀಟಿ ಮನೆಯ ಡಬ್ಬಿಗೆ. ಬ್ಲೌಸ್, ಸೀರೆಯ ದುಡ್ಡು ಮೆಷಿನ್ ಡಬ್ಬಿಗೆ. ನಮ್ಮ ಹಿಂದಿನ ಅಂಗಡಿಯವರು ದಿನವಹಿ ಬರೆಯುತ್ತಿದ್ದ ರೀತಿಯಲ್ಲಿ ಒಂದು ದಿನದ ಪುಟ ಬರೆದು ತೋರಿಸುತ್ತೇನೆ, ನೋಡಿ.

ಬೆಳಿಗ್ಗೆ ಡಬ್ಬಿಯಲ್ಲಿದ್ದದ್ದು 1,240. ಇದು ಆರಂಭ ಶಿಲ್ಕು. ಮೂರು ಬ್ಲೌಸ್ ಕೊಟ್ಟು 1,050 ಬಂತು, ಒಂದು ಸೀರೆ ಮಾರಿ 850 ಬಂತು. ಇದು ಜಮಾ. ಎರಡೂ ಕೂಡಿಸಿದರೆ 3,140. ದಾರ, ಹುಕ್ಕಿಗೆ 180, ಲೈನಿಂಗ್ ಬಟ್ಟೆಗೆ 320, ಸೀರೆಗೆ ಫಾಲ್ಸ್ ಹಾಕಿಸಿದ ಕೂಲಿ 150. ಇದು ಖರ್ಚು, 650. ಸಂಜೆ ಗ್ಯಾಸ್ ಸಿಲಿಂಡರ್ ಬಂತು, ಡಬ್ಬಿಯಿಂದ 1,000 ತೆಗೆದಿರಿ. ಇದನ್ನು ಖರ್ಚಿನ ಜೊತೆ ಸೇರಿಸಬೇಡಿ. 'ಮನೆಗೆ' ಎಂದು ಬೇರೆ ಸಾಲಿನಲ್ಲಿ ಬರೆಯಿರಿ. 3,140ರಲ್ಲಿ 1,650 ಕಳೆದರೆ 1,490. ರಾತ್ರಿ ಮಲಗುವ ಮೊದಲು ಡಬ್ಬಿ ಎಣಿಸಿ. 1,490 ಇದ್ದರೆ ಅದೇ ಅಖೈರು ಶಿಲ್ಕು, ನಾಳೆಯ ಪುಟದ ಮೊದಲ ಸಾಲು. ಐವತ್ತು ಕಡಿಮೆ ಇದ್ದರೆ ಏನೋ ಬರೆಯಲು ಮರೆತಿದ್ದೀರಿ. ಅಂದೇ ಕೂತು ನೆನಪಿಸಿಕೊಂಡರೆ ಸಿಗುತ್ತದೆ, ಮರುದಿನ ಸಿಗುವುದಿಲ್ಲ.

ಆ 'ಮನೆಗೆ' ಎಂಬ ಸಾಲಿನ ಬಗ್ಗೆ ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಏನೂ ಉಳಿಯುವುದಿಲ್ಲ ಎನ್ನುತ್ತೀರಲ್ಲ, ತಿಂಗಳ ಕೊನೆಗೆ ಆ ಸಾಲುಗಳನ್ನಷ್ಟೇ ಕೂಡಿಸಿ. ಏಳೆಂಟು ಸಾವಿರ ಬಂದರೆ ಆಶ್ಚರ್ಯಪಡಬೇಡಿ. ಮಗಳ ಫೀಸು, ಮಾವನ ಮಾತ್ರೆ, ಸಿಲಿಂಡರ್ ಎಲ್ಲವೂ ನಿಮ್ಮ ಮೆಷಿನಿನಿಂದ ಹೋಗಿರುತ್ತದೆ. ನಿಮ್ಮ ದುಡಿಮೆಗೆ ಲಾಭವಿರಲಿಲ್ಲ ಎಂದಲ್ಲ, ಅದು ಯಾರ ಕಣ್ಣಿಗೂ ಕಾಣದೆ ಮನೆಗೆ ಸೇರುತ್ತಿತ್ತು. ಹೆಣ್ಣುಮಕ್ಕಳ ದುಡಿಮೆಯ ವಿಷಯದಲ್ಲಿ ಇದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ, ಕಂಡಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ.

ಸೀರೆಯ ಲೆಕ್ಕದಲ್ಲಿ ಒಂದು ಎಚ್ಚರ. 850ಕ್ಕೆ ಮಾರಿದ ಸೀರೆಯನ್ನು 620ಕ್ಕೆ ತಂದಿದ್ದರೆ ನಿಮ್ಮದು 230 ಮಾತ್ರ, ಅದರಲ್ಲೂ ಫಾಲ್ಸಿನ 150 ಹೋದರೆ 80. ಉಳಿದದ್ದು ಮುಂದಿನ ಸೀರೆ ತರಬೇಕಾದ ಬಂಡವಾಳ. ಅದನ್ನು ಮನೆಗೆ ತೆಗೆದರೆ ಚಿಕ್ಕಪೇಟೆಗೆ ಹೋಗಲು ಮತ್ತೆ ಸಂಘದ ಸಾಲ ಬೇಕಾಗುತ್ತದೆ. ಪುಸ್ತಕದ ಹಿಂಬದಿಯಿಂದ ಉದ್ರಿ ಪುಟ ಶುರುಮಾಡಿ: ಯಾರು, ಯಾವ ಸೀರೆ, ಎಷ್ಟು ಕಂತು ಬಂತು, ಎಷ್ಟು ಬಾಕಿ.

ಸಂಘದ ಸಾಲ ನಿಮ್ಮ ಆದಾಯವಲ್ಲ. ಅಸಲು ತೀರಿಸಿದ್ದು ಖರ್ಚೂ ಅಲ್ಲ. ಬಡ್ಡಿ ಮಾತ್ರ ಖರ್ಚು. ಸಾಲದ ದುಡ್ಡಿನಲ್ಲಿ ಸೀರೆ ತಂದಿದ್ದರೆ ಆ ಬಡ್ಡಿ ಮೆಷಿನ್ ಡಬ್ಬಿಯಿಂದ ಹೋಗಲಿ, ಮನೆಗೆ ಬಳಸಿದ್ದರೆ ಮನೆಯ ಡಬ್ಬಿಯಿಂದ.

ಪ್ರಶ್ನೆ: ಬಂಗಾರಪೇಟೆ ತಾಲ್ಲೂಕಿನ ಹಳ್ಳಿ ನಮ್ಮದು. ಹಿಪ್ಪುನೇರಳೆ ಇದೆ, ಗೂಡು ಮಾರುತ್ತೇವೆ, ಎರಡು ಹಸು ಇವೆ, ಡೈರಿಗೆ ಹಾಲು ಹಾಕುತ್ತೇವೆ. ರೈತರಿಗೆ ತೆರಿಗೆ ಇಲ್ಲವಲ್ಲ, ಹಾಗಿದ್ದರೂ ಲೆಕ್ಕ ಬರೆಯಬೇಕೇ?

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು, ನಮ್ಮ ಜಿಲ್ಲೆಯಲ್ಲಿ ಈ ತಪ್ಪು ತಿಳಿವಳಿಕೆ ಬಹಳ ಇದೆ. ಭೂಮಿಯಲ್ಲಿ ಬೆಳೆದದ್ದರ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಿಪ್ಪುನೇರಳೆ ಸೊಪ್ಪು ಹಾಗೆ ಬೆಳೆದದ್ದು. ಆದರೆ ಗೂಡು ಕಟ್ಟುವುದು ಹುಳು. ರೇಷ್ಮೆ ಗೂಡಿನ ಆದಾಯ ಕೃಷಿ ಆದಾಯವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹಾಲಿನದೂ ಹಾಗೆಯೇ.

ಇದರಿಂದ ನಿಮಗೆ ತಕ್ಷಣ ತೆರಿಗೆ ಬೀಳುತ್ತದೆ ಎಂದಲ್ಲ, ಮೇಲೆ ಹೇಳಿದ 12 ಲಕ್ಷದ ಮಾತು ನಿಮಗೂ ಅನ್ವಯ. ಟೊಮೆಟೊ, ರಾಗಿಯಂಥ ಬೆಳೆಗೆ ಒಂದು ಪುಟ, ಗೂಡಿಗೆ ಒಂದು, ಹಸುವಿಗೆ ಒಂದು ಇಡಿ. ಸೊಪ್ಪಿನ ಗೊಬ್ಬರ, ಚಾಕಿ ಹುಳು, ಚಂದ್ರಿಕೆ, ಕೂಲಿ ಎಲ್ಲವೂ ಗೂಡಿನ ಪುಟಕ್ಕೆ. ಹಿಂಡಿ, ಬೂಸಾ ಹಸುವಿನ ಪುಟಕ್ಕೆ. ಎರಡು ಬೆಳೆ ಗೂಡು ಕೈಕೊಟ್ಟ ವರ್ಷ ಮನೆ ನಡೆಸಿದ್ದು ಯಾವುದು ಎಂದು ಆಗ ತಿಳಿಯುತ್ತದೆ.

ಪ್ರಶ್ನೆ: ಪುಸ್ತಕವೋ, ಮೊಬೈಲ್ ಆ್ಯಪೋ? ಬಿಲ್ಲುಗಳನ್ನು ಎಷ್ಟು ವರ್ಷ ಇಡಬೇಕು?

ಉತ್ತರ: ನಿಮಗೆ ದಿನಾ ರಾತ್ರಿ ಯಾವುದನ್ನು ತೆರೆಯುವ ಅಭ್ಯಾಸವಿದೆಯೋ ಅದು. ಆ್ಯಪ್ ಆದರೆ ತಿಂಗಳಿಗೊಮ್ಮೆ ಮುದ್ರಿಸಿ ಇಡಿ, ಫೋನು ರೈಲಿನಲ್ಲಿ ಕಳೆದುಹೋದರೆ ಲೆಕ್ಕವೂ ಹೋಗಬಾರದು. ಎಂಟು ವರ್ಷ ಇಟ್ಟರೆ ಆದಾಯ ತೆರಿಗೆ, ಜಿಎಸ್‌ಟಿ ಎರಡಕ್ಕೂ ಸಾಕು. ಯಾರಿಗೇ ಆಗಲಿ ಒಂದೇ ದಿನ ವ್ಯಾಪಾರದ ಖರ್ಚಿಗೆ 10,000ಕ್ಕಿಂತ ಹೆಚ್ಚು ಕೊಡುವುದಿದ್ದರೆ ನಗದಾಗಿ ಕೊಡಬೇಡಿ, ಪೂರ್ಣ ಲೆಕ್ಕ ತೋರಿಸುವವರಿಗೆ ಆ ಖರ್ಚನ್ನು ಇಲಾಖೆ ಒಪ್ಪುವುದಿಲ್ಲ.

ಅಂಗಡಿಯ ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲನ್ನು ನಂಬಿ ಕೂರಬೇಡಿ. ಆರು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಚೀಟಿ ಉಳಿಯುತ್ತದೆ. ತಂದ ದಿನವೇ ಫೋಟೊ ತೆಗೆದುಕೊಳ್ಳಿ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ತಾರೀಖು, ಅಂಗಡಿ, ಮೊತ್ತ ಬರೆದು ಆ ತಿಂಗಳ ಕವರಿಗೆ ಹಾಕಿ.